ಬೇಲಿ ಮೇಲಿನ ನೀಲಿ ಹೂವಿಗೆ ಯಾರು ಹೆಸರಿಟ್ಟರು?

ಇವತ್ತಿನ ಇತಿಹಾಸದಲ್ಲಿ ರಾಜರಿಲ್ಲ, ಯುದ್ಧವೂ ಇಲ್ಲ. ಒಂದು ನೀಲಿ ಹೂವು, ಅದರ ಹೆಸರು, ಅಷ್ಟೇ.

ಇನ್‌ಸ್ಟಾಗ್ರಾಂನಲ್ಲಿ ವೆರೋನಿಕಾ ಗಿಡ ನೋಡಿರ್ತೀರಿ. ನೆಟ್ಟಗೆ ನಿಂತ ನೀಲಿ ಹೂಗೊಂಚಲು, ಒಮ್ಮೆ ನೆಟ್ಟರೆ ವರ್ಷ ವರ್ಷವೂ ಚಿಗುರುತ್ತೆ. ಆದರೆ ಅದು ತಂಪು ದೇಶದ ಗಿಡ, ಅದಕ್ಕೆ ಚಳಿಗಾಲದ ವಿಶ್ರಾಂತಿ ಬೇಕು. ಹುಕ್ಕೇರಿ ತಾಲೂಕಿನ ದಡ್ಡಿಯಲ್ಲೋ ಗೋಕಾಕದಲ್ಲೋ ನಮ್ಮ ಬೇಸಿಗೆ ದಾಟಿಸೋದು ಕಷ್ಟ. ವರ್ಷಗಟ್ಟಲೆ ಬಾಳೋ ನೀಲಿ ಹೂವು ಬೇಕಂದ್ರೆ ಬೇಲಿ ಕಡೆ ನೋಡ್ರಿ: ಶಂಖಪುಷ್ಪ. ಗಿರಿಕರ್ಣಿಕೆ ಅಂತಲೂ ಕರೀತಾರೆ. ಮರಾಠಿಯಲ್ಲಿ ಗೋಕರ್ಣ.

ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್, ಮಲಬಾರಿನ ಗಿಡಗಳ ಬಗ್ಗೆ 'ಹೋರ್ಟಸ್ ಮಲಬಾರಿಕಸ್' ಅನ್ನೋ ಗ್ರಂಥ ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟ ಅಚ್ಚಾದವು. ಮಾಹಿತಿ ಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ನಾಟಿ ವೈದ್ಯರು, ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. 1688ರ 8ನೇ ಸಂಪುಟದಲ್ಲಿ ನಮ್ಮ ಬಳ್ಳಿ ಸಿಗುತ್ತೆ. ಹೆಸರು 'ಶಂಗ-ಕುಸ್ಪಿ'. ಅಂದ್ರೆ ಇಲ್ಲಿಯವರ ಬಾಯಿಮಾತೇ ಲ್ಯಾಟಿನ್ ಪುಸ್ತಕ ಸೇರಿತ್ತು.

65 ವರ್ಷ ಆದಮೇಲೆ, 1753ರಲ್ಲಿ, ಸ್ವೀಡನ್ನಿನ ಲಿನೇಯಸ್ ಕೊಟ್ಟ ಹೆಸರು 'ಕ್ಲಿಟೋರಿಯಾ ಟರ್ನೇಟಿಯಾ'. ಟರ್ನೇಟ್ ಅಂದ್ರೆ ಈಗಿನ ಇಂಡೋನೇಷ್ಯಾದ ಒಂದು ದ್ವೀಪ. ಅದೇ ಅಧಿಕೃತ ಹೆಸರಾಯ್ತು. ವೈದ್ಯರ ಮಾತು ಹಿಂದೆ ಸರೀತು. ನಾನು ಬಿ.ಕಾಂ. ಓದಿದವನು, ನನ್ನ ಲೆಕ್ಕದಲ್ಲಿ ಇದು ಸರಕು ಒಬ್ಬರದು, ಲೇಬಲ್ ಇನ್ನೊಬ್ಬರದು ಅನ್ನೋ ಕಥೆ. ಈಗ ಅದೇ ಹೂವು ಒಣಗಿ, 'ಬ್ಲೂ ಟೀ' ಅಂತ ಪ್ಯಾಕೆಟ್‌ನಲ್ಲಿ ಆನ್‌ಲೈನ್ ಮಾರಾಟಕ್ಕಿದೆ.

ಹೆಸರಿನ ಗೊಂದಲ ನಮ್ಮಲ್ಲೂ ಇದೆ. ಆಯುರ್ವೇದದ 'ಶಂಖಪುಷ್ಪಿ' ಅಂದ್ರೆ ಕೇರಳದಲ್ಲಿ ಈ ಬಳ್ಳಿ. ಭಾರತದ ಅಧಿಕೃತ ಆಯುರ್ವೇದ ಔಷಧಕೋಶದಲ್ಲಿ ಅದು ನೆಲಕ್ಕೆ ಹರಡೋ ಬೇರೆಯೇ ಗಿಡ. ಕೆಲವು ಕಡೆ ವಿಷ್ಣುಕ್ರಾಂತಿಗೂ ಅದೇ ಹೆಸರು. ನಮ್ಮ ಬಳ್ಳಿಯ ಬೇರು, ಬೀಜ ಹೊಟ್ಟೆ ಕೆಡಿಸಿ ಭೇದಿ ಮಾಡಿಸ್ತವೆ. ಹಾಗಾಗಿ ಹೆಸರು ಕೇಳಿ ಯಾವುದನ್ನೂ ಅರೆದು ಕುಡೀಬೇಡಿ.

ಬೆಳೆಸೋದು ಸುಲಭ. ಬೀಜ ರಾತ್ರಿಯಿಡೀ ನೆನೆಸಿ, ಮುಂಗಾರು ಶುರುವಾದಾಗ ಬಿಸಿಲು ಬೀಳೋ ಜಾಗದಲ್ಲಿ ಊರಿ. ಹಬ್ಬೋಕೆ ತಂತಿ ಅಥವಾ ಕೋಲು ಕೊಡಿ. ನೀರು ನಿಲ್ಲಬಾರದು. ಸುಮಾರು ಎರಡು ತಿಂಗಳಿಗೆ ಹೂವು. ಇದು ದ್ವಿದಳ ಜಾತಿ, ಬೇರಿನ ಗಂಟುಗಳಿಂದ ಮಣ್ಣಿಗೆ ಸಾರಜನಕವೂ ಸಿಗುತ್ತೆ.

ನಿಮ್ಮ ಮನೆಯ ಹಿರಿಯರು ಈ ಬಳ್ಳಿಗೆ ಏನಂತಾರೆ? ಕೇಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಇಟ್ಟಿ ಅಚ್ಯುತನ್ ಹೇಳಿದ ಹೆಸರು ಉಳಿದದ್ದು ಯಾರೋ ಬರೆದಿಟ್ಟಿದ್ದಕ್ಕೆ. ಮುಂದಿನ ವಾರ ಸಿಗೋಣ.