ನಾನಿಯ ಕೈಗಡಿಯಾರ

ನಾನು ಓದಿದ ಉರ್ದು ಶಾಲೆಯ ಲೆಕ್ಕದ ಪುಸ್ತಕದಲ್ಲಿ ‘ತಕ್ಸೀಮ್’ ಎಂಬ ಪಾಠವಿತ್ತು. ಮುಂದೆ ಕನ್ನಡ ಶಾಲೆಗೆ ಹೋದಾಗ ಅದೇ ಲೆಕ್ಕವನ್ನು ‘ಭಾಗಾಕಾರ’ ಎಂದು ಕಲಿತೆ. ಕನ್ನಡದಲ್ಲಿ ಅಂಕಿಗೆ ಭಾಗಾಕಾರ, ದೇಶಕ್ಕೆ ವಿಭಜನೆ. ಉರ್ದುವಿನಲ್ಲಿ ಎರಡಕ್ಕೂ ಒಂದೇ ಪದ. ನೂರನ್ನು ಏಳರಿಂದ ಭಾಗಿಸಿದರೂ ತಕ್ಸೀಮ್, ಹಿಂದೂಸ್ತಾನವನ್ನು ಎರಡು ಮಾಡಿದರೂ ತಕ್ಸೀಮ್. ಲೆಕ್ಕದ ಕೊನೆಗೆ ಉಳಿಯುವ ಶೇಷಕ್ಕೆ ಮೇಷ್ಟ್ರು ‘ಬಾಕಿ’ ಎನ್ನುತ್ತಿದ್ದರು. ದೇಶದ ತಕ್ಸೀಮಿನಲ್ಲಿ ಬಾಕಿ ಉಳಿದವರು ಯಾರು ಎಂದು ಆ ವಯಸ್ಸಿನಲ್ಲಿ ಕೇಳಲು ತೋಚಲಿಲ್ಲ.

ಬಹಳ ವರ್ಷಗಳ ನಂತರ ಆ ಪ್ರಶ್ನೆಯನ್ನು ನನ್ನೊಳಗೆ ಎಬ್ಬಿಸಿದ್ದು ಇತಿಹಾಸದ ಪುಸ್ತಕವಲ್ಲ, ಬ್ರಿಟಿಷ್ ಟೀವಿಯ ಒಂದು ವಿಜ್ಞಾನ ಕಥೆ. ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯಲ್ಲಿ 2018ರ ನವೆಂಬರ್ 11ರಂದು ಪ್ರಸಾರವಾದ ‘ಡೀಮನ್ಸ್ ಆಫ್ ದ ಪಂಜಾಬ್’ ಎಂಬ ಕಂತು. ಸುಮಾರು 75 ಲಕ್ಷ ಜನ ಅದನ್ನು ನೋಡಿದರು. ಕಂತಿನಷ್ಟೇ ಕುತೂಹಲ ಹುಟ್ಟಿಸಿದ್ದು ನೋಡಿದವರ ಪ್ರತಿಕ್ರಿಯೆ. ಒಂದೇ ಐವತ್ತು ನಿಮಿಷದ ಕಥೆ ಕೆಲವರನ್ನು ಅಳಿಸಿತು, ಕೆಲವರನ್ನು ಸಿಟ್ಟಿಗೆಬ್ಬಿಸಿತು. ಕೆಲವರಿಗೆ ಮಾತ್ರ ತಮ್ಮ ಅಜ್ಜಿಯ ಬಳಿ ಹೋಗಿ ಕೂರಬೇಕೆನಿಸಿತು. ಈ ಮೂರನೆಯವರ ಕುರಿತು ಹೇಳಬೇಕೆಂದೇ ಈ ಬರಹ.

ಧಾರಾವಾಹಿಯ ಪರಿಚಯವಿಲ್ಲದವರಿಗಾಗಿ ಎರಡು ಮಾತು. ‘ಡಾಕ್ಟರ್ ಹೂ’ ಶುರುವಾದದ್ದು 1963ರ ನವೆಂಬರ್ 23ರಂದು. ‘ಡಾಕ್ಟರ್’ ಎಂಬ ಅನ್ಯಗ್ರಹದ ವ್ಯಕ್ತಿಯೊಬ್ಬರು ನೀಲಿ ಪೊಲೀಸ್ ಪೆಟ್ಟಿಗೆಯಂತೆ ಕಾಣುವ ಯಂತ್ರವೊಂದರಲ್ಲಿ ಕುಳಿತು ಯಾವ ಕಾಲಕ್ಕಾದರೂ, ಯಾವ ಲೋಕಕ್ಕಾದರೂ ಹೋಗಿಬರುತ್ತಾರೆ. ಮಕ್ಕಳಿಗೆ ಇತಿಹಾಸ ಮತ್ತು ವಿಜ್ಞಾನದ ರುಚಿ ಹತ್ತಿಸುವುದು ಆರಂಭದ ಉದ್ದೇಶವಾಗಿತ್ತು. ಹಾಗಾಗಿಯೇ ಡಾಕ್ಟರ್ ಜೊತೆ ಮೊದಲು ಹೊರಟವರಲ್ಲಿ ಒಬ್ಬಳು ಇತಿಹಾಸದ ಮೇಡಂ, ಇನ್ನೊಬ್ಬ ವಿಜ್ಞಾನದ ಮೇಷ್ಟ್ರು.

ಆ ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದವರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ಆಗ ಅವರಿಗಿನ್ನೂ ಇಪ್ಪತ್ತನಾಲ್ಕು ವರ್ಷ. ‘ಸನ್‌ಲೈಟ್ ಆನ್ ಎ ಬ್ರೋಕನ್ ಕಾಲಮ್’ ಕಾದಂಬರಿಯ ಲೇಖಕಿ ಅತಿಯಾ ಹುಸೇನ್ ಅವರ ಮಗ. ದೇಶ ಒಡೆದ ಹೊತ್ತಿನಲ್ಲಿ ಇಂಗ್ಲೆಂಡಿನಲ್ಲಿದ್ದ ಅತಿಯಾ ಅಲ್ಲಿಯೇ ಉಳಿದುಕೊಂಡರು. ಅವಧ್‌ನ ಮುಸ್ಲಿಂ ಮನೆತನವೊಂದು ವಿಭಜನೆಯಲ್ಲಿ ಹೋಳಾಗುವುದನ್ನು 1961ರಲ್ಲಿ ಬಂದ ಆ ಕಾದಂಬರಿ ಹೇಳುತ್ತದೆ. ಎರಡು ವರ್ಷಗಳ ಬಳಿಕ ಮಗ ಕಾಲಯಂತ್ರದ ಕಥೆಗೆ ಚಾಲನೆ ಕೊಟ್ಟರು. ಆದರೆ ಆ ಯಂತ್ರ 1947ರ ಪಂಜಾಬಿಗೆ ಬಂದಿಳಿಯಲು ಐವತ್ತೈದು ವರ್ಷ ಬೇಕಾಯಿತು!

ಕಂತನ್ನು ಬರೆದವರು ವಿನಯ್ ಪಟೇಲ್, ನಿರ್ದೇಶಿಸಿದವರು ಜೇಮಿ ಚೈಲ್ಡ್ಸ್. ಕಥೆ ಇಂಗ್ಲೆಂಡಿನ ಶೆಫೀಲ್ಡ್ ನಗರದ ಸಾಧಾರಣ ಮನೆಯೊಂದರಲ್ಲಿ ಶುರುವಾಗುತ್ತದೆ. ನಾನಿ ಉಂಬ್ರೀನ್ ಹುಟ್ಟುಹಬ್ಬದ ದಿನ ಮನೆಯವರಿಗೆ ತನ್ನ ಹಳೆಯ ವಸ್ತುಗಳನ್ನು ಹಂಚುತ್ತಾಳೆ. ಪೊಲೀಸ್ ಕೆಲಸದಲ್ಲಿರುವ ಮೊಮ್ಮಗಳು ಯಾಸ್ಮಿನ್ ಖಾನ್‌ಗೆ ಸಿಕ್ಕಿದ್ದು ಒಡೆದು ನಿಂತುಹೋದ ಕೈಗಡಿಯಾರ. ಅದನ್ನು ರಿಪೇರಿ ಮಾಡಿಸಬಾರದು ಎಂಬುದು ನಾನಿಯ ಅಪ್ಪಣೆ. ಯಾಕೆಂದು ಮಾತ್ರ ಹೇಳುವುದಿಲ್ಲ. ಯಾಸ್‌ಗೆ ಕುತೂಹಲ ತಡೆಯಲಾಗದೆ ಡಾಕ್ಟರ್‌ಗೆ ದುಂಬಾಲು ಬೀಳುತ್ತಾಳೆ. ಇಳಿದು ನೋಡಿದರೆ 1947ರ ಆಗಸ್ಟ್ 17, ಪಂಜಾಬಿನ ಒಂದು ಹೊಲ. ಹರೆಯದ ನಾನಿ ಮದುವೆಗೆ ಸಿದ್ಧಳಾಗುತ್ತಿದ್ದಾಳೆ. ವರನ ಹೆಸರು ಪ್ರೇಮ್. ಅವನು ಯಾಸ್‌ಳ ನಾನಾ ಅಲ್ಲ, ಮುಸ್ಲಿಮನೂ ಅಲ್ಲ.

ಆ ತಾರೀಕಿಗೆ ತೂಕವಿದೆ. ಗಡಿ ಎಳೆಯಲೆಂದು ಬ್ರಿಟಿಷ್ ವಕೀಲ ಸಿರಿಲ್ ರ‍್ಯಾಡ್‌ಕ್ಲಿಫ್ ದೆಹಲಿಗೆ ಬಂದಿಳಿದದ್ದು 1947ರ ಜುಲೈ 8ರಂದು. ಅದಕ್ಕೆ ಮೊದಲು ಅವರು ಭಾರತವನ್ನು ನೋಡಿದವರಲ್ಲ. ಪಂಜಾಬ್ ಮತ್ತು ಬಂಗಾಳ ಎರಡನ್ನೂ ಸೀಳಲು ಅವರಿಗೆ ಸಿಕ್ಕಿದ್ದು ಐದು ವಾರ. ಗೆರೆ ಸ್ವಾತಂತ್ರ್ಯಕ್ಕೆ ಮುಂಚೆಯೇ ಸಿದ್ಧವಾಗಿತ್ತು. ಆದರೆ ಮೌಂಟ್‌ಬ್ಯಾಟನ್ ಸಂಭ್ರಮ ಮುಗಿಯುವವರೆಗೆ ಅದನ್ನು ಹೊರಗೆ ಬಿಡಲಿಲ್ಲ. ಎರಡೂ ದೇಶಗಳಲ್ಲಿ ಬಾವುಟ ಏರಿದ ಮೇಲೆ, ಆಗಸ್ಟ್ 17ರಂದು, ಜನರಿಗೆ ತಾವು ಯಾವ ದೇಶದಲ್ಲಿದ್ದೇವೆ ಎಂಬುದು ತಿಳಿಯಿತು. ಒಂದರಿಂದ ಒಂದೂವರೆ ಕೋಟಿ ಜನ ಮನೆಮಾರು ಬಿಟ್ಟು ಗಡಿ ದಾಟಿದರು. ಸತ್ತವರ ಲೆಕ್ಕ ಎರಡು ಲಕ್ಷದಿಂದ ಇಪ್ಪತ್ತು ಲಕ್ಷದವರೆಗೆ ಹೊಯ್ದಾಡುತ್ತದೆ. ಹೊತ್ತೊಯ್ಯಲ್ಪಟ್ಟ ಹೆಣ್ಣುಮಕ್ಕಳು ಸುಮಾರು 75,000 ಎಂಬುದು ಒಂದು ಅಂದಾಜು. ಭಾಗಾಕಾರ ಮಾಡಿದವರ ಬಳಿ ಬಾಕಿಯ ಲೆಕ್ಕವೇ ಇರಲಿಲ್ಲ.

ಕಥೆಯಲ್ಲಿ ಆ ಗೆರೆ ಎರಡು ಮನೆಗಳ ಹೊಲದ ನಡುವೆಯೇ ಹಾಯುತ್ತದೆ. ಪ್ರೇಮ್ ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಹೋರಾಡಿ ಬಂದ ಸಿಪಾಯಿ. ಅವನ ಅಣ್ಣ ಕುನಾಲ್ ಆ ಯುದ್ಧದಲ್ಲಿ ತೀರಿಕೊಂಡವನು. ತಮ್ಮ ಮನೀಶ್ ದ್ವೇಷದ ಭಾಷಣಗಳನ್ನು ಕೇಳಿ ಕೇಳಿ ಬೇರೆ ಮನುಷ್ಯನಾಗಿದ್ದಾನೆ. ಮದುವೆ ಮಾಡಿಸಬೇಕಿದ್ದ ಸಾಧುವನ್ನು ಕೊಂದವನು ಅವನೇ. ಹಾಗಾಗಿ ಡಾಕ್ಟರ್ ತಾವೇ ಮುಂದೆ ನಿಂತು ವಧೂವರರ ಕೈಗೆ ಹಗ್ಗ ಸುತ್ತಿ ಮದುವೆ ಮಾಡಿಸುತ್ತಾರೆ. ಗಡಿ ಗುರುತಿಸಲು ಎಳೆದಿದ್ದ ಹಗ್ಗವದು. ಪ್ರೇಮ್‌ನ ಗಡಿಯಾರ ಕೆಳಗೆ ಬಿದ್ದು ನಿಲ್ಲುತ್ತದೆ. ಅಷ್ಟರಲ್ಲಿ ಮನೀಶನ ಸಂಗಡಿಗರು ಬಂದೂಕು ಹಿಡಿದು ಬರುತ್ತಾರೆ. ಉಂಬ್ರೀನ್ ತಾಯಿಯೊಡನೆ ತಪ್ಪಿಸಿಕೊಳ್ಳುತ್ತಾಳೆ, ಪ್ರೇಮ್ ಗುಂಡಿಗೆ ಬಲಿಯಾಗುತ್ತಾನೆ. ಅವನನ್ನು ಉಳಿಸಿದರೆ ಯಾಸ್ ಹುಟ್ಟುವುದೇ ಇಲ್ಲ. ಆದ್ದರಿಂದ ಡಾಕ್ಟರ್ ಮತ್ತು ಗೆಳೆಯರು ಬೆನ್ನು ತಿರುಗಿಸಿ ನಡೆಯುತ್ತಾರೆ. ಹಿಂದಿನಿಂದ ಗುಂಡಿನ ಸದ್ದು ಕೇಳುತ್ತದೆ.

ಇನ್ನು ಹೆಸರಿನಲ್ಲಿರುವ ‘ದೆವ್ವಗಳು’. ಸಾಧುವಿನ ಹೆಣದ ಬಳಿ ವಿಕಾರರೂಪದ ಇಬ್ಬರು ಅನ್ಯಗ್ರಹವಾಸಿಗಳು ಕಾಣಿಸುತ್ತಾರೆ. ಕೊಲೆಗಾರರು ಇವರೇ ಎಂದು ನೋಡುಗ ನಂಬುತ್ತಾನೆ. ತಿಜೇರಿಯನ್ನರು ಎಂಬ ಇವರು ಒಂದು ಕಾಲಕ್ಕೆ ಕೊಲೆಗಡುಕರೇ ಹೌದು. ಆದರೆ ತಮ್ಮ ಲೋಕ ನಾಶವಾದಾಗ ಅಳಲು ಒಬ್ಬರೂ ಉಳಿಯದ್ದರಿಂದ ಅವರು ಕೆಲಸ ಬದಲಿಸಿದ್ದಾರೆ. ಯಾರೂ ಇಲ್ಲದೆ ಸಾಯುವವರ ಪಕ್ಕದಲ್ಲಿ ನಿಂತು ಆ ಸಾವಿಗೆ ಗೌರವ ಸಲ್ಲಿಸುವುದು ಈಗ ಅವರ ಕೆಲಸ. ದೆವ್ವ ಎಂದುಕೊಂಡವರು ಸಾಕ್ಷಿಗಳು, ಮನೆಯೊಳಗಿನ ತಮ್ಮನೇ ಕೊಲೆಗಾರ.

ನೋಡುಗರ ದೂರುಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು: ಇದರಲ್ಲಿ ವಿಜ್ಞಾನ ಕಥೆ ಎಲ್ಲಿದೆ? ರಾಕ್ಷಸರನ್ನು ಸೋಲಿಸಿ ಲೋಕ ಉಳಿಸಬೇಕಾದ ಡಾಕ್ಟರ್ ಇಲ್ಲಿ ಮದುವೆ ಊಟಕ್ಕೆ ಬಂದ ನೆಂಟರಂತೆ ಸುಮ್ಮನಿದ್ದಾರೆ! ಎರಡನೆಯದು: ಮಕ್ಕಳು ನೋಡುವ ಕಾರ್ಯಕ್ರಮಕ್ಕೆ ರಾಜಕೀಯ ಯಾಕೆ? ಅದೇ ಸರಣಿಯಲ್ಲಿ ಮೂರು ವಾರ ಮೊದಲು ಅಮೆರಿಕದ ರೋಸಾ ಪಾರ್ಕ್ಸ್ ಕಥೆ ಬಂದಾಗಲೂ ಈ ಗೊಣಗಾಟವಿತ್ತು.

ಮೊದಲ ದೂರಿಗೆ ಧಾರಾವಾಹಿಯ ಚರಿತ್ರೆಯೇ ಉತ್ತರ ಕೊಡುತ್ತದೆ. 1964ರ ‘ದ ಆಜ್‌ಟೆಕ್ಸ್’ ಕಥೆಯಲ್ಲಿ ಇತಿಹಾಸದ ಮೇಡಂ ಬಾರ್ಬರಾ ನರಬಲಿಯನ್ನು ನಿಲ್ಲಿಸಲು ಹೆಣಗಿ ಸೋಲುತ್ತಾಳೆ. 1967ರಲ್ಲಿ ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಹೆಸರಾಂತ ಕಂತೊಂದರಲ್ಲಿ ನಾಯಕ ಕರ್ಕ್ ತಾನು ಪ್ರೀತಿಸಿದ ಹೆಣ್ಣು ಸಾಯುವುದನ್ನು ತಡೆಯದೆ ನಿಲ್ಲಬೇಕಾಗುತ್ತದೆ. ಕಾಲದಲ್ಲಿ ಹಿಂದೆ ಹೋಗುವ ಕಥೆಗಳಲ್ಲಿ ಮನಸ್ಸಿನಲ್ಲಿ ಉಳಿಯುವವು ಹೆಚ್ಚಾಗಿ ಇಂಥವೇ. ಯಂತ್ರದ ಚಮತ್ಕಾರ ಮರೆತುಹೋಗುತ್ತದೆ, ಕೈ ಕಟ್ಟಿ ನಿಂತ ಮನುಷ್ಯನ ಸಂಕಟ ಮರೆಯುವುದಿಲ್ಲ. ವಿಜ್ಞಾನ ಕಥೆಯ ಓದುಗರೂ ಇದನ್ನು ಗುರುತಿಸಿದರು. 2019ರ ಹ್ಯೂಗೋ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಈ ಕಂತಿತ್ತು.

ರಾಜಕೀಯ ಯಾಕೆ ಎಂಬ ಎರಡನೆಯ ದೂರು ನಮಗೂ ಹೊಸದಲ್ಲ. 1988ರ ಜನವರಿಯಲ್ಲಿ ದೂರದರ್ಶನ ಭೀಷ್ಮ ಸಾಹನಿಯವರ ‘ತಮಸ್’ ಕಾದಂಬರಿಯನ್ನು ಗೋವಿಂದ ನಿಹಲಾನಿ ನಿರ್ದೇಶನದಲ್ಲಿ ತೋರಿಸಿತು. ಇಂಥದ್ದನ್ನು ತೋರಿಸಿದರೆ ಕೋಮುಭಾವನೆ ಕೆರಳುತ್ತದೆ ಎಂದು ಕೆಲವರು ಕೋರ್ಟಿಗೆ ಹೋದರು. ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಧಾರಾವಾಹಿಯನ್ನು ತಾವೇ ಕುಳಿತು ನೋಡಿ ತಡೆಯಾಜ್ಞೆಯನ್ನು ತೆಗೆದುಹಾಕಿದರು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಪ್ರಸಾರಕ್ಕೆ ಅಡ್ಡಿಯಿಲ್ಲ ಎಂದಿತು. ಆಗ ನಮ್ಮ ಓಣಿಯಲ್ಲಿ ಟೀವಿ ಇದ್ದದ್ದು ಒಂದೇ ಮನೆಯಲ್ಲಿ. ಆ ಹೊತ್ತಿಗೆ ಮಕ್ಕಳನ್ನು ಹೊರಗೆ ಕಳಿಸಿ ಬಾಗಿಲು ಹಾಕುತ್ತಿದ್ದರು. ಹೊರಬಂದ ದೊಡ್ಡವರ ಮುಖದಲ್ಲಿ ಮಾತಿರುತ್ತಿರಲಿಲ್ಲ. ಏನಾಯಿತು ಎಂದು ಕೇಳಿದರೆ ಹೋಗಿ ಓದಿಕೊಳ್ಳಿ ಎನ್ನುತ್ತಿದ್ದರು. ಓದಿಕೊಳ್ಳಲು ಪಾಠದಲ್ಲಿ ಅದು ಇರಲಿಲ್ಲ.

ಬ್ರಿಟನ್ನಿನ ಮೌನ ಇದಕ್ಕಿಂತ ಗಟ್ಟಿಯಾದದ್ದು. ಭಾರತವನ್ನು ಒಡೆದು ಎದ್ದುಹೋದ ದೇಶ ಅದು. ಆದರೂ ಅಲ್ಲಿನ ಶಾಲೆಗಳಲ್ಲಿ ವಿಭಜನೆ ಕಡ್ಡಾಯ ಪಾಠವಲ್ಲ. ಪಂಜಾಬ್, ಮೀರ್‌ಪುರ, ಸಿಲ್ಹೆಟ್‌ಗಳಿಂದ ಹೋಗಿ ಗಿರಣಿ, ಫೌಂಡ್ರಿಗಳಲ್ಲಿ ದುಡಿದವರು ಆ ಬೇಸಿಗೆಯ ಮಾತನ್ನು ಮಕ್ಕಳ ಮುಂದೆ ಎತ್ತಲಿಲ್ಲ. ಹೊಸ ಊರು, ಹೊಟ್ಟೆಪಾಡು, ಜನಾಂಗದ್ವೇಷ. ಪಕ್ಕದ ಮನೆಯಲ್ಲಿ ಸಿಖ್ಖರೋ ಹಿಂದೂಗಳೋ ಇರುವಾಗ ಹಳೆಯ ಗಾಯವನ್ನು ಕೆದಕುವುದು ಯಾರಿಗೆ ಬೇಕಿತ್ತು? 2017ರಲ್ಲಿ ಪತ್ರಕರ್ತೆ ಕವಿತಾ ಪುರಿ ಬಿಬಿಸಿ ರೇಡಿಯೋಗಾಗಿ ‘ಪಾರ್ಟಿಶನ್ ವಾಯ್ಸಸ್’ ಮಾಡಿದಾಗ ಎಷ್ಟೋ ವೃದ್ಧರು ಎಪ್ಪತ್ತು ವರ್ಷದ ಮೇಲೆ ಮೊದಲ ಬಾರಿ ಬಾಯಿಬಿಟ್ಟರು. ಮರುವರ್ಷ ಈ ಕಂತು ಬಂತು. ಅದೂ ಮೊದಲ ಮಹಾಯುದ್ಧ ಮುಗಿದ ನೂರನೆಯ ವರ್ಷದ ದಿನ. ದೇಶವೆಲ್ಲ ಎದೆಗೆ ಕೆಂಪು ಗಸಗಸೆ ಹೂ ಸಿಕ್ಕಿಸಿಕೊಂಡು ತನ್ನ ಸಿಪಾಯಿಗಳನ್ನು ನೆನೆಯುತ್ತಿದ್ದಾಗ, ಅದೇ ಸಾಮ್ರಾಜ್ಯಕ್ಕಾಗಿ ಯುದ್ಧ ಮಾಡಿ ತನ್ನ ಹೊಲದಲ್ಲಿ ತಮ್ಮನ ಕಡೆಯವರ ಕೈಯಲ್ಲಿ ಸತ್ತ ಸಿಪಾಯಿಯೊಬ್ಬ ಪರದೆಯ ಮೇಲೆ ಬಂದ.

ಹಾಗಾಗಿ ದಕ್ಷಿಣ ಏಷ್ಯಾ ಮೂಲದ ನೋಡುಗರು ಇದನ್ನು ಬರೀ ಮನರಂಜನೆಯೆಂದು ನೋಡಲಿಲ್ಲ. ಭಾನುವಾರ ಸಂಜೆ ಮನೆಮಂದಿಯೆಲ್ಲ ಕೂತು ನೋಡುವ ಕಾರ್ಯಕ್ರಮದಲ್ಲಿ ತಮ್ಮ ಮನೆಯ ಕಥೆ ಬಂದದ್ದು ಇದೇ ಮೊದಲು ಎಂದವರು ಹಲವರು. ನಮ್ಮ ದಾದಿ, ನಾನಿಯೂ ಹೀಗೇ ಬಂದವರು, ನಾವು ಕೇಳಲೇ ಇಲ್ಲ ಎಂದು ಮರುಗಿದವರೂ ಇದ್ದರು. ಬಿಳಿಯರಲ್ಲೂ ಅನೇಕರು ಶಾಲೆ ಕಲಿಸದ್ದನ್ನು ಟೀವಿ ಕಲಿಸಿತು ಎಂದರು.

ಹೊಗಳಿಕೆಯ ನಡುವೆ ಒಂದೆರಡು ತಕರಾರು ನನ್ನದೂ ಇದೆ. ಪಂಜಾಬಿನ ಕಥೆಯಾದರೂ ಮುಖ್ಯ ಪಾತ್ರಗಳಲ್ಲಿ ಒಬ್ಬ ಸಿಖ್ ಇಲ್ಲ. ಸಿಖ್ಖರಿಲ್ಲದ ತಕ್ಸೀಮ್ ಅರ್ಧ ಲೆಕ್ಕ. ಅಣ್ಣತಮ್ಮಂದಿರ ಜಗಳದ ಎದುರು ಗೆರೆ ಎಳೆದವರ ಪಾಲು ಒಂದೆರಡು ಮಾತಿನಲ್ಲಿ ಮುಗಿದುಹೋಗುತ್ತದೆ. ಕೊಲೆಗಾರ ಹಿಂದೂ, ಹುಡುಗಿ ಮುಸ್ಲಿಂ ಎಂಬುದರಿಂದ ನಮ್ಮಲ್ಲಿ ಯಾರಾದರೂ ಸಮಾಧಾನ ಪಟ್ಟುಕೊಂಡರೆ ಅದು ಇನ್ನೂ ದೊಡ್ಡ ತಪ್ಪು. ಅದೇ ವರ್ಷದ ಮಾರ್ಚ್‌ನಲ್ಲಿ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಸಿಖ್ಖರ ಮತ್ತು ಹಿಂದೂಗಳ ಮೇಲೆ ಬಿದ್ದ ಗುಂಪುಗಳು ನಮ್ಮವರದ್ದು. ಥೋಹಾ ಖಾಲ್ಸಾ ಗ್ರಾಮದಲ್ಲಿ ಸಿಖ್ ಹೆಂಗಸರು ಬಾವಿಗೆ ಹಾರಿ ಪ್ರಾಣ ಬಿಟ್ಟರು. ಆಗಸ್ಟ್‌ನಲ್ಲಿ ಅಮೃತಸರದ ಸುತ್ತ ಮುಸ್ಲಿಮರಿಗೆ ಅದೇ ಗತಿ ಬಂತು. ಎಲ್ಲ ಕಡೆಯೂ ಒಬ್ಬ ಮನೀಶ್ ಇದ್ದ, ಹೆಸರು ಮಾತ್ರ ಬೇರೆ ಬೇರೆ. ನಮ್ಮ ಮನೆಯ ಮನೀಶನ ಹೆಸರು ಹೇಳುವ ಧೈರ್ಯವಿಲ್ಲದವನು ಇನ್ನೊಬ್ಬರ ಮನೆಯವನ ಹೆಸರು ಹೇಳಿದರೆ ಅದು ಸಾಕ್ಷಿಯಲ್ಲ, ಚಾಡಿ.

ಈಗ ಮತ್ತೆ ಆ ಮೊದಲ ದೂರಿಗೆ ಬರುತ್ತೇನೆ. ಡಾಕ್ಟರ್ ಏನೂ ಮಾಡಲಿಲ್ಲ ಎಂದವರು ಸುಳ್ಳು ಹೇಳಲಿಲ್ಲ. ಹತ್ತು ಲಕ್ಷ ಹೆಣಗಳ ನಡುವೆ ಹೊರಗಿನವರೊಬ್ಬರು ಬಂದು ಎಲ್ಲವನ್ನೂ ಸರಿಪಡಿಸಿದರು ಎಂದು ತೋರಿಸಿದ್ದರೆ ಅದು ಸತ್ತವರಿಗೆ ಮಾಡಿದ ಅವಮಾನವಾಗುತ್ತಿತ್ತು. ಆದದ್ದನ್ನು ಬದಲಿಸುವ ಶಕ್ತಿ ನಮಗಿಲ್ಲ. ಒಬ್ಬನೇ ಸತ್ತವನ ಪಕ್ಕದಲ್ಲಿ ತಡವಾಗಿಯಾದರೂ ನಿಲ್ಲಬಹುದು. ನಮ್ಮಲ್ಲಿ ಗುರುತಿಲ್ಲದವರ ಜನಾಜಾ ಹೋದರೂ ನಾಲ್ಕು ಹೆಜ್ಜೆ ಜೊತೆ ನಡೆಯುವುದಿಲ್ಲವೇ, ಹಾಗೆ.

ಕಂತಿನ ಕೊನೆಗೆ ಯಾಸ್ ಶೆಫೀಲ್ಡಿಗೆ ಮರಳಿ ನಾನಿಯ ಪಕ್ಕ ಕೂರುತ್ತಾಳೆ. ಅವಳ ಕೈಯಲ್ಲಿ ಇನ್ನೂ ಮೆಹಂದಿ ಇದೆ. ಗಡಿಯಾರದ ಕಥೆ ಹೇಳಲೇ ಎಂದು ನಾನಿ ತಾನಾಗಿಯೇ ಕೇಳುತ್ತಾಳೆ. ಇನ್ನೊಮ್ಮೆ ಹೇಳುವಿಯಂತೆ ಎಂದುಬಿಡುತ್ತಾಳೆ ಯಾಸ್. ಅವಳು ಎಲ್ಲವನ್ನೂ ಕಣ್ಣಾರೆ ಕಂಡು ಬಂದವಳು, ಹಾಗೆನ್ನಲು ಅವಳಿಗೆ ಹಕ್ಕಿದೆ. ಅವಳ ಬಳಿ ಯಂತ್ರವಿತ್ತು.

1947ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತರ ಹತ್ತಿರ ಇದ್ದಾರೆ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಅಂಥವರೊಬ್ಬರಿದ್ದರೆ, ಆ ಕಾಲದ ಯಾವ ಊರಿನ ಕಥೆಯಾದರೂ ಸರಿ, ಇಂದು ಸಂಜೆಯೇ ಹೋಗಿ ಕೇಳಿ. ಇನ್ನೊಮ್ಮೆ ಎನ್ನಬೇಡಿ.