ಪಾರ್ಕಿನ್ಸನ್ ಕಾಯಿಲೆ: ಹಠಾತ್ ನಿದ್ದೆ ಮತ್ತು ಬೀಳುವಿಕೆ

ಹಠಾತ್ ನಿದ್ದೆ ಮತ್ತು ಬೀಳುವಿಕೆ ಪಾರ್ಕಿನ್ಸನ್ ಕಾಯಿಲೆಯುಳ್ಳ ವೃದ್ಧರನ್ನು ಕಾಡುವ ಎರಡು ಅಪಾಯಗಳು. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ಈ ಕಾಯಿಲೆಯಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಮಿದುಳಿನ ಕೋಶಗಳು ನಶಿಸುತ್ತವೆ.

ಹಠಾತ್ ನಿದ್ದೆ: ಊಟ ಅಥವಾ ಮಾತಿನ ನಡುವೆಯೇ ರೋಗಿ ನಿದ್ದೆಗೆ ಜಾರಬಹುದು. ಕಾಯಿಲೆಯ ಜೊತೆಗೆ ಅದಕ್ಕೆ ಕೊಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್‌ನಂಥ ಮಾತ್ರೆಗಳೂ ಕಾರಣ; ವಾಹನ ಚಲಾಯಿಸುವಾಗಲೇ ನಿದ್ದೆ ಹೋದವರ ವರದಿ 1999ರಲ್ಲಿ ಪ್ರಕಟವಾಯಿತು.

ಬೀಳುವಿಕೆ: ಕಾಲು ನೆಲಕ್ಕೆ ಅಂಟಿದಂತಾಗುವುದು, ಸಮತೋಲನ ತಪ್ಪುವುದು, ಎದ್ದು ನಿಂತೊಡನೆ ರಕ್ತದೊತ್ತಡ ಕುಸಿಯುವುದು ಮುಖ್ಯ ಕಾರಣಗಳು.

ಆರೈಕೆ: ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂಥ ಊರುಗಳ ಮನೆಗಳಲ್ಲಿ ಹೊಸ್ತಿಲು, ಜಾರುವ ಬಚ್ಚಲುಗಳ ಬಗ್ಗೆ ಎಚ್ಚರ ಅಗತ್ಯ. ಹಿರಿಯರು ನಿಧಾನವಾಗಿ ಏಳಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ತಲೆಗೆ ಪೆಟ್ಟಾದರೆ ಅಥವಾ ಎಬ್ಬಿಸಿದರೂ ಏಳದಿದ್ದರೆ ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಜ್ಞ ಚಿಕಿತ್ಸೆ ದೊರೆಯುತ್ತದೆ.