ಮಕ್ಕಳ ವೈದ್ಯರ ತರಬೇತಿಯಲ್ಲಿ ಗುಣಮಟ್ಟ ಸುಧಾರಣೆ

ಶಿಶುಗಳಿಗೆ ಸಿಗುವ ಆರೈಕೆಯನ್ನು ಅಳೆದು, ಅದರ ಕ್ರಮವನ್ನು ಹಂತಹಂತವಾಗಿ ಉತ್ತಮಪಡಿಸುವ ವಿಧಾನಗಳನ್ನು ಮಕ್ಕಳ ವಿಭಾಗದ ಸ್ನಾತಕೋತ್ತರ ವೈದ್ಯರಿಗೆ ಕಲಿಸುವ ಶಿಕ್ಷಣ. ವಿಧಾನದ ಮೂಲ ಕೈಗಾರಿಕೆಯಲ್ಲಿದೆ. ಗುಣಮಟ್ಟ ನಿಯಂತ್ರಣದ ತಜ್ಞರಾದ ವಾಲ್ಟರ್ ಶೂಹಾರ್ಟ್ ಮತ್ತು ಎಡ್ವರ್ಡ್ಸ್ ಡೆಮಿಂಗ್ ಇದಕ್ಕೆ ತಳಹದಿ ಹಾಕಿದರು. ಮುಂದೆ ಇದು ವೈದ್ಯ ಶಿಕ್ಷಣಕ್ಕೂ ಬಂತು. ಅಮೆರಿಕದಲ್ಲಿ ವೈದ್ಯರ ತರಬೇತಿಗೆ ಮಾನ್ಯತೆ ನೀಡುವ ಮಂಡಳಿ 1999ರಲ್ಲಿ ಗೊತ್ತುಪಡಿಸಿದ ಆರು ಸಾಮರ್ಥ್ಯಗಳಲ್ಲಿ ತಾವು ನೀಡುವ ಚಿಕಿತ್ಸೆಯ ಪರಾಮರ್ಶೆ ಮತ್ತು ಸುಧಾರಣೆಯೂ ಸೇರಿತು.

ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಪಠ್ಯ, ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಕಚೇರಿಯು ದೆಹಲಿಯ ಏಮ್ಸ್ ಜೊತೆಗೂಡಿ 2017ರಲ್ಲಿ ಹೊರತಂದ 'ಪಾಯಿಂಟ್ ಆಫ್ ಕೇರ್' ಕೈಪಿಡಿ. ಇದರಲ್ಲಿ ನಾಲ್ಕು ಹೆಜ್ಜೆಗಳಿವೆ: ಸಮಸ್ಯೆ ಆರಿಸಿ ತಂಡ ಕಟ್ಟುವುದು, ಕಾರಣ ಹುಡುಕಿ ಅಳತೆ ನಿಗದಿಪಡಿಸುವುದು, ಬದಲಾವಣೆಯನ್ನು ಪರೀಕ್ಷಿಸುವುದು, ಫಲ ಕಂಡದ್ದನ್ನು ಉಳಿಸಿಕೊಳ್ಳುವುದು.

ಮೂರನೆಯ ಹೆಜ್ಜೆಯೇ ಈ ವಿದ್ಯೆಯ ಜೀವಾಳ. ಹೆರಿಗೆ ಕೋಣೆಯಿಂದ ನವಜಾತ ಶಿಶು ಘಟಕಕ್ಕೆ ಬರುವ ಶಿಶುಗಳ ಮೈ ತಣ್ಣಗಿರುತ್ತದೆ ಎಂದುಕೊಳ್ಳೋಣ. ಹುಟ್ಟಿದ ಕೂಡಲೇ ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸುವ ಕ್ರಮವನ್ನು ಮೊದಲು ಒಂದೇ ಪಾಳಿಯಲ್ಲಿ, ಒಂದೆರಡು ಹೆರಿಗೆಗಳಲ್ಲಿ ಪ್ರಯೋಗಿಸಲಾಗುತ್ತದೆ. ಯೋಜಿಸು, ಮಾಡು, ಪರಿಶೀಲಿಸು, ಅಳವಡಿಸು ಎಂಬ ಚಕ್ರ ಮತ್ತೆಮತ್ತೆ ತಿರುಗುತ್ತದೆ. ದಾಖಲಾತಿ ವೇಳೆಯ ತಾಪಮಾನವನ್ನು ಕಾಲಾನುಕ್ರಮದ ರೇಖಾಚಿತ್ರದಲ್ಲಿ ಗುರುತಿಸಲಾಗುತ್ತದೆ.

ಉಪನ್ಯಾಸವೊಂದರಿಂದಲೇ ಈ ಕೌಶಲ ಬರುವುದಿಲ್ಲ. ಶುಶ್ರೂಷಕಿಯರು ತಂಡದಲ್ಲಿ ಸಮಾನರಾಗಿರಬೇಕು, ಮಾರ್ಗದರ್ಶಕರಿಗೂ ವಿಧಾನದ ಅನುಭವವಿರಬೇಕು. ಕಿರಿಯ ವೈದ್ಯರು ಕೆಲವೇ ವಾರಗಳಲ್ಲಿ ಬೇರೆ ಘಟಕಕ್ಕೆ ಹೋಗುವುದರಿಂದ ಕೆಲಸ ಅರ್ಧಕ್ಕೆ ನಿಲ್ಲುವುದು ದೊಡ್ಡ ತೊಡಕು; ಯೋಜನೆಯನ್ನು ಮುಂದಿನ ತಂಡಕ್ಕೆ ಹಸ್ತಾಂತರಿಸುವ ವ್ಯವಸ್ಥೆ ಅದಕ್ಕಾಗಿ ಅಗತ್ಯ.